ಗಂಗರತ್ನಮ್ಮನವರ ನಾಡಿ

"ದಾರಿ ಬಿಡಿ, ಹಾರ್ಟು ಕೇಸು!" ಎಂದು ಕೂಗುತ್ತಾ ಯಶವಂತಪುರದ ಡಾಕ್ಟರ ಷಾಪಿಗೆ ನುಗ್ಗಿದ ರಾಮಕೃಷ್ಣಪ್ಪನವರು ಹೊಸ್ತಿಲು ಎಡವಿ ಕಾಂಪೌಂಡರನ ಮಡಿಲಲ್ಲಿ ಹೋಗಿ ಕುಳಿತರು. ಕೇಸು ಎನಿಸಿಕೊಂಡ ಅವರ ಹೆಂಡತಿ ಗಂಗರತ್ನಮ್ಮನವರು ಹಿಂದಿನಿಂದ ನಿಧಾನವಾಗಿ ಬಂದು, ಗಂಡನ ಕಾಲಿಂದ ಹಾರಿದ್ದ ಚಪ್ಪಲಿಯನ್ನು ಪಕ್ಕಕ್ಕಿಟ್ಟು, ಬೆಂಚಿನ ಮೇಲೆ ಕುಳಿತರು.

ಹೋದ ತಿಂಗಳು ಇದೇ ಡಾಕ್ಟರು ಆಕೆಯ ಕುತ್ತಿಗೆ ಮುಟ್ಟಿ ನೋಡಿ, ಥೈರಾಯ್ಡ್ ಹೆಚ್ಚಾದರೆ ಎದೆಯೂ ಓಡತೊಡಗುತ್ತದೆ, ದಿನಾ ನಾಡಿ ಎಣಿಸಿಕೊಳ್ಳಿ ಎಂದಿದ್ದರು. ಸಕ್ಕರೆ ಕಾಯಿಲೆಯವರ ಹೃದಯಕ್ಕೂ ಅಪಾಯ ತಪ್ಪಿದ್ದಲ್ಲ, ಯಜಮಾನರನ್ನೂ ಕರೆತನ್ನಿ ಎಂದೂ ಹೇಳಿದ್ದರು. ಎರಡು ವರ್ಷದಿಂದ ಸಕ್ಕರೆ ಕಾಯಿಲೆ ಇಟ್ಟುಕೊಂಡೂ ಡಾಕ್ಟರ ಬೀದಿಗೇ ಸುಳಿಯದ ರಾಮಕೃಷ್ಣಪ್ಪನವರಿಗೆ, ಹೆಂಡತಿ ಮನೆಗೆ ಬಂದು ಹೇಳಿದಾಗ, ಮೊದಲನೆಯ ಮಾತು ಮಾತ್ರ ಕೇಳಿಸಿತು.

"ನಂದು ಎಂಜಿನ್ ಇದ್ದಂಗಿರೋ ಎದೆ, ಕಲ್ಲಿದ್ದಲು ತಿಂದ್ರೂ ಓಡುತ್ತೆ. ನಿನ್ ನಾಡಿ ಇನ್ಮೇಲೆ ನನ್ ಜವಾಬ್ದಾರಿ" ಎಂದು ರೈಲ್ವೆ ಗೂಡ್ಸ್ ಆಫೀಸಿನ ಈ ಗುಮಾಸ್ತರು ಘೋಷಿಸಿದರು.

ಈ ಬೆಳಿಗ್ಗೆ ಎರಡು ಮೈಸೂರುಪಾಕು ಮುಗಿಸಿದ ಕೈಯಲ್ಲೇ ಹೆಂಡತಿಯ ಮಣಿಕಟ್ಟು ಹಿಡಿದು, ಹೆಬ್ಬೆರಳನ್ನು ರಬ್ಬರ್ ಸ್ಟ್ಯಾಂಪಿನಂತೆ ಒತ್ತಿ, ಗಡಿಯಾರ ನೋಡುತ್ತಾ ಎಣಿಸಿದರು. ನೂರ ಹದಿನೆಂಟು!

"ರತ್ನಾ, ನಿನ್ನೆದೆ ಮದ್ರಾಸ್ ಮೇಲ್ ರೈಲಿನ ಥರ ಓಡ್ತಿದೆ ಕಣೇ. ಏಳು, ಡಾಕ್ಟ್ರ ಹತ್ರ ಹೋಗೋಣ."

"ಆಯ್ತು, ನಡೀರಿ" ಎಂದರು ಆಕೆ. ಸೀರೆ ಆಗಲೇ ಬದಲಾಗಿತ್ತು.

"ಓಡಿಸಯ್ಯಾ ಅನ್ವರ್, ಪ್ರಾಣದ ಪ್ರಶ್ನೆ" ಎಂದು ಜಟಕಾದವನನ್ನು ಅವಸರಪಡಿಸಿದರೆ ಅವನು, "ಕುದ್ರೆಗೂ ಒಂದು ಎದೆ ಅದೆ ಸ್ವಾಮಿ" ಎಂದ.

ಷಾಪಿನಲ್ಲಿ ಈ ಲೆಕ್ಕ ಕೇಳಿಸಿಕೊಂಡ ಡಾಕ್ಟರು ಆಕೆಯ ಮಣಿಕಟ್ಟಿಗೆ ಎರಡು ಬೆರಳಿಟ್ಟು ಎಣಿಸಿದರು. ಎಪ್ಪತ್ತಾರು.

"ನೂರ ಹದಿನೆಂಟು ಅಂತ ಎಣಿಸಿದ್ದು ಯಾರು?"

ರಾಮಕೃಷ್ಣಪ್ಪನವರು ಹೆಬ್ಬೆರಳನ್ನು ಹೆಮ್ಮೆಯಿಂದ ಎತ್ತಿ ತೋರಿಸಿದರು.

"ಹೆಬ್ಬೆರಳಲ್ಲೂ ನಾಡಿ ಬಡಿಯುತ್ತೆ ಕಣ್ರೀ. ನೀವು ಎಣಿಸಿರೋದು ನಿಮ್ಮದನ್ನೇ. ಷರಟು ಬಿಚ್ಚಿ, ಬನ್ನಿ."

ಎಂಜಿನ್ನು ಬೆವರಿತು. ಡಾಕ್ಟರು ಸ್ಟೆತಸ್ಕೋಪಿಟ್ಟು ಎದೆ, ಬೆನ್ನು ಎರಡನ್ನೂ ಆಲಿಸಿ, ಅವರ ಮೂತ್ರ ಪರೀಕ್ಷೆಗೂ ಹೇಳಿದರು. ಒಳಗೆ ಕಾಂಪೌಂಡರ್ ಕಾಯಿಸಿದ ಮೂತ್ರದ ಗಾಜುನಳಿಗೆಯಲ್ಲಿ ನೀಲಿ ಔಷಧಿ ಇಟ್ಟಿಗೆ ಬಣ್ಣಕ್ಕೆ ತಿರುಗಿತು. ಮೈತುಂಬ ಸಕ್ಕರೆ, ಸಿಗ್ನಲ್ ಕೆಂಪು!

"ಇನ್ನೂ ಆರು ತಿಂಗಳು ಹೀಗೇ ಬಿಟ್ಟಿದ್ರೆ ನಿಮ್ಮನ್ನ ಹೊತ್ಕೊಂಡು ತರಬೇಕಾಗ್ತಿತ್ತು" ಎಂದ ಡಾಕ್ಟರು ಮೈಸೂರುಪಾಕಿನಿಂದ ಹಿಡಿದು ಸಿಹಿಯನ್ನೆಲ್ಲ ರದ್ದು ಮಾಡಿ ಚೀಟಿ ಬರೆದರು. ಆಮೇಲೆ ಗಂಗರತ್ನಮ್ಮನವರ ಕಡೆ ತಿರುಗಿ ಕೇಳಿದರು: "ಹೆಬ್ಬೆರಳು ಇಡಬಾರದು ಅಂತ ನಿಮಗೆ ಹೋದ ತಿಂಗಳೇ ಹೇಳಿಕೊಟ್ಟಿದ್ದೆನಲ್ಲಮ್ಮ. ಯಜಮಾನರಿಗೆ ಹೇಳಬಾರದಿತ್ತೇ?"

ಆಕೆ ಸೆರಗು ಸರಿಮಾಡಿಕೊಂಡರು.

"ಹೇಳಿದ್ರೆ ಇವ್ರು ಇಲ್ಲೀವರ್ಗೂ ಬರ್ತಿದ್ರಾ ಡಾಕ್ಟ್ರೇ?"