ಇನ್‌ಸ್ಪೆಕ್ಟರಮ್ಮನ ತರಕಾರಿ ತನಿಖೆ

ಬೇಯಿಸಿದ ಬೀನ್ಸ್ ತುಂಡೊಂದು ಹಾರಿ ಬಂದು ಕನ್ನಡಕದ ಗಾಜಿಗೆ ಅಂಟಿಕೊಂಡಾಗ ವಿಮೆ ಏಜೆಂಟ್ ಮಹಾಶಯರಿಗೆ ಸಿಟ್ಟು ಬರಲಿಲ್ಲ, ಐಡಿಯಾ ಬಂತು. ಸಿಟ್ಟೇ ಬಂದಿದ್ದರೆ ಆ ಮನೆಗೆ ಒಳ್ಳೆಯದಿತ್ತು.

ಬೀನ್ಸ್ ಉಗಿದವಳು ಅವರ ಮೂರು ವರ್ಷದ ಮಗಳು. ತಟ್ಟೆಯ ಮುಂದೆ ಕೂತಳೆಂದರೆ ಅನ್ನದ ಒಂದೊಂದು ಅಗುಳನ್ನೂ ಬೆರಳಿನಿಂದ ಸರಿಸಿ, ಕೆಳಗೆ ಹಸಿರು ಬಣ್ಣದ್ದೇನಾದರೂ ಅಡಗಿ ಕೂತಿದೆಯೇ ಎಂದು ಶೋಧಿಸುತ್ತಿದ್ದಳು. ಸಿಕ್ಕಿಬಿದ್ದದ್ದಕ್ಕೆ ಕೂಡಲೇ ಗಡೀಪಾರು. ಹೀಗಾಗಿ ಮನೆಯಲ್ಲಿ ಅವಳಿಗೆ ಇನ್‌ಸ್ಪೆಕ್ಟರಮ್ಮ ಎಂಬ ಹೆಸರೇ ಗಟ್ಟಿಯಾಗಿತ್ತು.

"ಲ್ಯಾಬಲ್ಲಿ ನರಾನೇ ಕಾಣದವರ ಕೈಯಿಂದಲೂ ರಕ್ತ ತೆಗೀತೀನಿ. ಇವಳ ಬಾಯಿ ತೆಗೆಸೋದು ಮಾತ್ರ ನನ್ನ ಕೈಲಾಗಲ್ಲ," ಎಂದು ಹೆಂಡತಿ ಚಮಚ ಕೆಳಗಿಟ್ಟಳು. ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಅವಳಿಗೆ ಕೆಲಸ.

ಏಜೆಂಟರು ಕನ್ನಡಕ ಒರೆಸಿಕೊಂಡರು. "ನಾಳೆಯಿಂದ ಇವಳ ಊಟ ನನಗೆ ಬಿಡು. ಸತ್ತ ಮೇಲೆ ಸಿಗೋ ದುಡ್ಡನ್ನ ಬದುಕಿರೋರಿಗೆ ಮಾರೋನು ನಾನು. ಒಂದು ಕ್ಯಾರೆಟ್ ಮಾರಕ್ಕಾಗಲ್ವಾ?"

"ಅಡುಗೆಮನೆ ಯಾವ ಕಡೆ ಇದೆ ಅಂತಾದ್ರೂ ಗೊತ್ತಾ?"

"ಕೇಳ್ಕೊಂಡು ಹೋಗ್ತೀನಿ."

ಮೊದಲು ಮಾರುವೇಷದ ತಂತ್ರ. ಬೀಟ್‌ರೂಟನ್ನು ನುಣ್ಣಗೆ ರುಬ್ಬಿ, ಬೇಯಿಸಿದ ಆಲೂಗಡ್ಡೆಯ ಹೊಟ್ಟೆಯೊಳಗೆ ಬಚ್ಚಿಟ್ಟು ಉಂಡೆ ಕಟ್ಟುವುದು. ಮಿಕ್ಸಿಗೆ ಮುಚ್ಚಳವೆಂಬ ಅಂಗವೊಂದಿದೆ, ಅದನ್ನು ಒತ್ತಿ ಹಿಡಿಯಬೇಕು ಎಂಬ ಜ್ಞಾನೋದಯ ಅವರಿಗೆ ಗುಂಡಿ ಒತ್ತಿದ ಮೇಲಾಯಿತು. ಗೋಡೆ, ಗಡಿಯಾರ, ಚಾವಣಿ, ಬಿಳಿ ಅಂಗಿ, ಒಂದು ಕಿವಿ (ಇನ್ನೊಂದು ಹೇಗೋ ಬಚಾವಾಯಿತು) ಎಲ್ಲವೂ ಕೆಂಪು. ಕೆಲಸದಿಂದ ಬಂದ ಹೆಂಡತಿ ಬಾಗಿಲಲ್ಲೇ ನಿಂತಳು.

"ಬೆಳಿಗ್ಗೆಯಿಂದ ರಕ್ತ ನೋಡಿ ನೋಡಿ ಸಾಕಾಗಿ ಮನೆಗೆ ಬಂದ್ರೆ, ಇಲ್ಲೂ ಅದೇನಾ ರೀ?"

ಜಾರಿನ ತಳದಲ್ಲಿ ಅಳಿದುಳಿದದ್ದನ್ನು ಸೇರಿಸಿ ಏಜೆಂಟರು ಉಂಡೆ ಕಟ್ಟಿಯೇ ಕಟ್ಟಿದರು. ಇನ್‌ಸ್ಪೆಕ್ಟರಮ್ಮ ಉಂಡೆಯನ್ನು ಎರಡು ಹೋಳು ಮಾಡಿ, ಒಳಗೆ ಇಣುಕಿ, ಗಾಬರಿಯಾದಳು. "ಅಪ್ಪಾ, ಇದಕ್ಕೆ ಗಾಯ ಆಗಿದೆ!" ಎನ್ನುತ್ತ ಹತ್ತಿ ತರಲು ಓಡಿದಳು. ಲ್ಯಾಬಿನವಳ ಮಗಳಲ್ಲವೇ.

ಮಾರುವೇಷ ಬಯಲಾದ ಮೇಲೆ ಕಲೆಯ ಮೊರೆ ಹೋದರು. ಸಂಜೆಯಿಡೀ ಕೂತು ಕ್ಯಾರೆಟನ್ನು ಕಾರಿನಂತೆ ಕೆತ್ತಿದರು. ಸೌತೆಕಾಯಿಯ ಚಕ್ರ, ಪಕ್ಕದಲ್ಲಿ ನೆರಳಿಗೆ ಹೂಕೋಸಿನ ಮರ. ಮಗಳಿಗೆ ಅದು ಬಹಳ ಇಷ್ಟವಾಯಿತು. ಎಷ್ಟೆಂದರೆ, ಯಾರಿಗೂ ತಿನ್ನಲು ಬಿಡಲಿಲ್ಲ. "ಕಾರಿಗೆ ನಿದ್ದೆ ಬಂದಿದೆ," ಎಂದು ಎಲ್ಲೋ ಮಲಗಿಸಿ ಬಂದಳು. ಅದು ಸೋಫಾದ ಕೆಳಗೆ ಮಲಗಿದೆ ಎಂದು ಆಮೇಲೆ ಪತ್ತೆ ಹಚ್ಚಿದ್ದು ಮೂಗು.

ಇನ್ನು ಉಳಿದದ್ದು ಬಾಯಿಮಾತು. ಗಿರಾಕಿಯ ಎದುರು ಕೂತು, ಸಿಹಿಗುಂಬಳದ ತುಂಡನ್ನು ಚಮಚದಲ್ಲಿ ಎತ್ತಿ ಹಿಡಿದು ಏಜೆಂಟರು ಶುರುಮಾಡಿದರು. "ಆಹಾ! ಏನು ಬಣ್ಣ, ಏನು ರುಚಿ! ಇಂಥದ್ದು ಇಡೀ ಪ್ರಪಂಚದಲ್ಲಿ ಇಲ್ಲ!"

"ನೀನು ತಿನ್ನು," ಎಂದಳು ಗಿರಾಕಿ.

ಏಜೆಂಟರು ಕಕ್ಕಾಬಿಕ್ಕಿಯಾದರು. ಅವರ ಪಾಲಿಗೆ ತರಕಾರಿ ಎಂದರೆ ಆಲೂಗಡ್ಡೆ ಮತ್ತು ಈರುಳ್ಳಿ, ಅಲ್ಲಿಗೆ ಮುಗಿಯಿತು. ಮಿಕ್ಕಿದ್ದೆಲ್ಲ ಮದುವೆಯಾದಂದಿನಿಂದ ತಟ್ಟೆಯ ಅಂಚಿಗೆ ಸೇರುತ್ತಿತ್ತು. ಹೆಂಡತಿ ಬೈದು, ಬೇಡಿಕೊಂಡು, ಕೊನೆಗೆ ಕೈಬಿಟ್ಟಿದ್ದಳು. ಆದರೆ ಈಗ ವೃತ್ತಿಯ ಮಾನದ ಪ್ರಶ್ನೆ. ಕಣ್ಣು ಮುಚ್ಚಿ ನುಂಗಿದರು.

"ಚೆನ್ನಾಗಿದೆಯಾ?"

"ಅ... ಅದ್ಭುತ!"

ಮಗಳು ಅವರ ಗಂಟಲನ್ನೇ ದಿಟ್ಟಿಸಿದಳು. ಸರಕು ಒಳಗಿಳಿಯಿತೆಂದು ಖಾತ್ರಿಯಾದ ಮೇಲೆ ತಾನೂ ಒಂದು ತುಂಡು ಬಾಯಿಗೆ ಹಾಕಿಕೊಂಡಳು. ಹೆಂಡತಿ ನಂಬಲಾರದೆ ನಿಂತಲ್ಲೇ ಕೂತಳು.

ಅಲ್ಲಿಂದ ವ್ಯಾಪಾರ ಕುದುರಿತು. ಮಗಳು ಒಂದು ತುಂಡು, ಅಪ್ಪ ನಾಲ್ಕು. ಸೋರೆಕಾಯಿ ಹೋಯಿತು, ಬದನೆಕಾಯಿ ಹೋಯಿತು, ಮೂಲಂಗಿಯೂ ಹೋಯಿತು. ಏಜೆಂಟರು ಆಫೀಸಿನಲ್ಲಿ ಬೀಗಿದ್ದೇ ಬೀಗಿದ್ದು. ಅದೂ ಸಾಲದೆ ಒಂದು ಸಂಜೆ, ಮಗಳನ್ನು ಹಗಲೆಲ್ಲ ಬಿಡುತ್ತಿದ್ದ ಶಿಶುವಿಹಾರಕ್ಕೆ ಹೋಗಿ ಅಲ್ಲಿನ ಮೇಡಂ ಎದುರು ಕೂತರು.

"ಮಕ್ಕಳಿಗೆ ತರಕಾರಿ ತಿನ್ನಿಸೋದು ಒಂದು ಕಲೆ, ಮೇಡಂ. ಬೇಕಾದ್ರೆ ಬೇರೆ ಅಪ್ಪ ಅಮ್ಮಂದಿರಿಗೂ ಹೇಳ್ಕೊಡ್ತೀನಿ. ನನ್ನ ಮಗಳನ್ನ ದಾರಿಗೆ ತರೋಷ್ಟರಲ್ಲಿ..."

"ನಿಮ್ಮ ಮಗಳಾ?" ಮೇಡಂ ನಕ್ಕರು. "ಅವಳಿಗೆ ಇಲ್ಲಿ ತಿನ್ನಿಸೋದೇ ಬೇಡ ಸರ್. ಸೇರಿದಾಗಿನಿಂದ ಏನು ಕೊಟ್ರೂ ತಟ್ಟೆ ಖಾಲಿ. ಪಕ್ಕದವರ ಬೀನ್ಸಿಗೂ ಕೈ ಹಾಕ್ತಾಳೆ."

ಮೇಡಂ ದನಿ ತಗ್ಗಿಸಿದರು.

"ಅವಳಿಗಿರೋ ಯೋಚನೆಯೆಲ್ಲ ನಿಮ್ಮದೇ. 'ನಮ್ಮಪ್ಪ ತರಕಾರಿ ಎಲ್ಲಾ ಪಕ್ಕಕ್ಕೆ ಇಡ್ತಾನೆ, ಅದಕ್ಕೆ ಮನೇಲಿ ನಾನೂ ಇಡ್ತಿದ್ದೆ. ಈಗ ನಾನು ಒಂದು ತಿಂದ್ರೆ ಅವನು ನಾಲ್ಕು ತಿಂತಾನೆ' ಅಂತ ಎಲ್ಲರ ಹತ್ರಾನೂ ಹೇಳ್ಕೊಂಡು ಓಡಾಡ್ತಾಳೆ. ಅಷ್ಟೊಂದು ಹಟ ಮಾಡ್ತೀರಾ ಸರ್ ನೀವು?"

ಮನೆಗೆ ಬಂದವರು ಚಪ್ಪಲಿ ಬಿಡುವ ಮೊದಲೇ ಹೆಂಡತಿಯನ್ನು ಕೇಳಿದರು. "ಇದು ನಿನಗೆ ಗೊತ್ತಿತ್ತಾ?"

"ಹೋದ ವಾರ ಮೇಡಂ ಹೇಳಿದ್ರು."

"ಮತ್ತೆ ನನಗ್ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀವು ತಿನ್ನೋದು ನಿಲ್ಲಿಸ್ತಿದ್ರಿ," ಎಂದು ಅವಳು ಶಾಂತವಾಗಿ ತಟ್ಟೆಗೆ ಬಡಿಸಿದಳು. ಹಾಗಲಕಾಯಿ.

ಏಜೆಂಟರು ಹಸಿವಿಲ್ಲವೆಂದು ಏಳಲು ನೋಡಿದರು. ಅಷ್ಟರಲ್ಲಿ ಇನ್‌ಸ್ಪೆಕ್ಟರಮ್ಮ ಪಕ್ಕಕ್ಕೆ ಕುರ್ಚಿ ಎಳೆದುಕೊಂಡಾಗಿತ್ತು. ಒಂದು ತುಂಡು ಬಾಯಿಗಿಟ್ಟಳು. ಮುಖವೆಲ್ಲ ಮುದುಡಿತು, ಕಣ್ಣಲ್ಲಿ ನೀರು ಬಂತು, ಆದರೂ ನುಂಗಿದಳು. ಆಮೇಲೆ ಅಪ್ಪನ ಗಲ್ಲ ಹಿಡಿದಳು.

"ನೋಡು, ನಾನು ತಿಂದೆ. ಆ ಮಾಡು."

ಅವರು ಆ ಮಾಡಿದರು.

"ಅಗಿ. ಹಾಂ, ನುಂಗು. ಎಲ್ಲಿ, ಬಾಯಿ ತೋರಿಸು?"

ತೋರಿಸಿದರು. ಅವಳು ಎಡಗಡೆ ನೋಡಿದಳು, ಬಲಗಡೆ ನೋಡಿದಳು, ನಾಲಿಗೆ ಎತ್ತಿಸಿ ಅದರಡಿಯಲ್ಲೂ ನೋಡಿದಳು. ಕೊನೆಗೆ ಅಪ್ಪನ ತಲೆ ಸವರಿ, ಅಮ್ಮನ ಕಡೆ ತಿರುಗಿದಳು.

"ಅಮ್ಮಾ, ಅಪ್ಪ ಜಾಣ. ಇನ್ನೊಂದು ಸೌಟು ಹಾಕು."