ಸಿಂಗ್ರೇಗೌಡರ ಹಗೇವಿಗೆ ಕಣ್ಣು ಬಂದದ್ದು

"ಎಲ್ಲಾ ಹತ್ರ ಬನ್ನಿ! ಇನ್ನು ನೂರು ವರ್ಷ ಈ ಬೀದಿಗೆ ಜಾಗದ ಚಿಂತೆ ಇಲ್ಲ!"

ಸಿಂಗ್ರೇಗೌಡರು ಎರಡು ಕೈಯಲ್ಲೂ ಒಂದೊಂದು ಹಾರ್ಡ್ ಡಿಸ್ಕ್ ಎತ್ತಿ ಹಿಡಿದು ಹೀಗೆ ಸಾರಿದಾಗ, ಹತ್ತಿರ ಬರಲು ಅಲ್ಲಿದ್ದವರೇ ಇಬ್ಬರು. ಸೊಪ್ಪು ಬಿಡಿಸುತ್ತಿದ್ದ ಹೆಂಡತಿ ಪುಟ್ಟತಾಯಮ್ಮ ಮತ್ತು ಎಲೆಅಡಿಕೆ ಕುಟ್ಟುತ್ತಿದ್ದ ತಾಯಿ ಕೆಂಪಜ್ಜಿ. ಇಬ್ಬರೂ ಕೂತಲ್ಲಿಂದ ಅಲ್ಲಾಡಲಿಲ್ಲ.

ಮಂಡ್ಯದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಪಾಠ ಹೇಳಿ ನಿವೃತ್ತರಾದ ಮೇಲೆ ಗೌಡರು ಒಂದು ದಿನವೂ ಸುಮ್ಮನೆ ಕೂತವರಲ್ಲ. ಅವರ ಮುದ್ದೆ ಕಟ್ಟುವ ಯಂತ್ರ ಮೇಲಕ್ಕೆಸೆದ ಮುದ್ದೆಗಳ ಗುರುತು ಚಾವಣಿಯಲ್ಲಿ ಇನ್ನೂ ಹಾಗೇ ಇತ್ತು. "ಈ ಸಲ ಸರ್ವರ್ ಮಾಡ್ತೀನಿ" ಎಂದಾಗ ಪುಟ್ಟತಾಯಮ್ಮ, ಇವರೆಲ್ಲಿ ಹೋಟೆಲ್ ಇಟ್ಟು ನನ್ನ ಕೈಲಿ ದೋಸೆ ಹುಯ್ಯಿಸುತ್ತಾರೋ ಎಂದು ಹೆದರಿದ್ದರು.

ಅದು ಹೋಟೆಲ್ ಆಗಲಿಲ್ಲ. ನಡುಮನೆಯ ಹಳೇ ಕಬ್ಬಿಣದ ಬೀರು ಖಾಲಿಯಾಗಿ, ಸೀರೆಗಳಿದ್ದ ಜಾಗದಲ್ಲಿ ವೈರುಗಳು ಬಂದವು. ಒಳಗೆ ಸಾಲಾಗಿ ಡಿಸ್ಕುಗಳು, ಹಿಂದೆ ತಣ್ಣಗಿಡಲು ಟೇಬಲ್ ಫ್ಯಾನು, ನೆತ್ತಿಯ ಮೇಲೆ ಹಳೇ ರೇಡಿಯೋ ಪೆಟ್ಟಿಗೆ. ಆ ಪೆಟ್ಟಿಗೆಯಿಂದ ಅದು ಮಾತಾಡುತ್ತಿತ್ತು! ಹಿಂದಿನವರು ರಾಗಿ ತುಂಬಿಡಲು ನೆಲದೊಳಗೆ ಹಗೇವು ತೋಡುತ್ತಿದ್ದರಲ್ಲ, ಅದೇ ಹೆಸರನ್ನು ಗೌಡರು ಇದಕ್ಕೂ ಇಟ್ಟರು. ಬೀದಿಯವರ ಫೋನಿನಲ್ಲಿ ತೆಗೆದ ಫೋಟೋ, ವಿಡಿಯೋ, ಆಡಿ ಕಳಿಸಿದ ಮಾತು, ಎಲ್ಲ ತಾನಾಗಿ ಹರಿದು ಬಂದು ಹಗೇವು ಸೇರುತ್ತಿತ್ತು.

ಅದರಲ್ಲಿ ಒಂದು ಮೂಲೆ ಮಾತ್ರ ಪುಟ್ಟತಾಯಮ್ಮನದು. ಅಲ್ಲಿದ್ದದ್ದು ಕೆಂಪಜ್ಜಿಯ ಸೋಬಾನೆ ಪದಗಳು. ಒಂದು ಕಾಲಕ್ಕೆ ಕೆಂಪಜ್ಜಿ ಬಾಯಿ ತೆಗೆಯದೆ ಸುತ್ತಮುತ್ತ ಯಾವ ಮದುವೆಯಲ್ಲೂ ಹೆಣ್ಣು ಹಸೆಮಣೆ ಏರುತ್ತಿರಲಿಲ್ಲ. ಗಂಟಲು ಆಪರೇಷನ್ ಆದ ಮೇಲೆ ಆ ಕಂಠ ಹೋಯಿತು. ಈಗ ಅಜ್ಜಿ ಆಡುವುದೆಲ್ಲ ಪಿಸುಮಾತು. ಪುಣ್ಯಕ್ಕೆ ಸೊಸೆ ಅದಕ್ಕೆ ಮುಂಚೆಯೇ, ಮದುವೆ ಚಪ್ಪರದಲ್ಲೂ ಅವರೆಕಾಯಿ ಸುಲಿಯುವಾಗಲೂ, ಒಂದೊಂದೇ ಪದ ಹಾಡಿಸಿ ಹಿಡಿದಿಟ್ಟಿದ್ದರು.

"ಹಗೇವು ತುಂಬ್ತಾ ಬಂದೈತೆ. ಜಾಗ ಸಾಲ್ದಿದ್ರೆ ಹಳೇದನ್ನೇ ಮೊದಲು ಹೊರಗೆ ಹಾಕು ಅಂತ ನಾನೇ ಕಲಿಸಿದೀನಿ. ಅದಕ್ಕೇ ಈ ಹೊಸ ಡಿಸ್ಕು!" ಎಂದರು ಗೌಡರು.

ಸೊಪ್ಪು ಬಿಡಿಸುತ್ತಿದ್ದ ಕೈ ನಿಂತಿತು. "ಅದರಲ್ಲಿರೋ ಹಳೇದು ಯಾವ್ದು?"

ಗೌಡರು ಕೆಮ್ಮಿದರು. "ಅದೇ... ಅವ್ವನ ಪದಗಳು."

"ಏನು!"

"ಅಯ್ಯೋ, ಹೆದರ್ಕೋಬೇಡ ಕಣೇ! ಈಗ ನೋಡು!"

ಎರಡು ಡಿಸ್ಕುಗಳನ್ನೂ ಖಾಲಿ ಗೂಡುಗಳಿಗೆ ತಳ್ಳಿ, ಸ್ವಿಚ್ ಒತ್ತಿ, ಗೌಡರು ಮದುವೆ ಗಂಡಿನಂತೆ ಎದೆಯುಬ್ಬಿಸಿ ನಿಂತರು. "ಹಗೇವೇ, ಹೊಸಬರು ಎಷ್ಟು ಜನ ಬಂದವ್ರೆ ಹೇಳು!"

"ಯಾರೂ ಬಂದಿಲ್ಲ ಸ್ವಾಮಿ" ಎಂದಿತು ಹಗೇವು.

ಗೌಡರು ಆಫ್ ಮಾಡಿ ಆನ್ ಮಾಡಿದರು. ಯಾರೂ ಬಂದಿಲ್ಲ. ವೈರು ಬದಲಾಯಿಸಿದರು. ಯಾರೂ ಬಂದಿಲ್ಲ. ಹಳೇ ಡಿಸ್ಕನ್ನು ಹೊಸ ಗೂಡಿಗೆ ಹಾಕಿದರೆ ಹಗೇವು ತಕ್ಷಣ, "ಇವರು ನಮ್ಮ ಹಳಬರು" ಎಂದಿತು. ಅಂದರೆ ಗೂಡು ಸರಿಯಾಗಿದೆ. ಹೊಸ ಡಿಸ್ಕನ್ನು ಹೊರಗೆ ತೆಗೆದು, ಅಂಗಡಿಯಿಂದ ಬರುವಾಗ ಅದು ಕೂತಿದ್ದ ವೈರಿನ ಪುಟ್ಟ ಡಬ್ಬಿಗೇ ಮತ್ತೆ ಹಾಕಿ ಲ್ಯಾಪ್‌ಟಾಪಿಗೆ ಜೋಡಿಸಿದರೆ, ಗುಂಯ್ ಎಂದು ತಿರುಗಿತು. ಅಂದರೆ ಡಿಸ್ಕೂ ಸರಿಯಾಗಿದೆ!

"ಗಂಡೂ ಸರಿಗವ್ನೆ, ಹೆಣ್ಣೂ ಸರಿಗವ್ಳೆ, ಸಂಬಂಧ ಮಾತ್ರ ಕೂಡ್ತಿಲ್ಲ" ಎಂದು ಗೌಡರು ತಲೆ ಕೆರೆದುಕೊಂಡರು.

ಅಷ್ಟರಲ್ಲಿ ಪಕ್ಕದ ಮನೆಯ ದೇವೀರಮ್ಮ ಬಾಗಿಲಲ್ಲಿ ಇಣುಕಿದರು. ಅವರ ಮಗಳು ಭವಾನಿಯನ್ನು ನೋಡಲು ಅವತ್ತು ಪಾಂಡವಪುರದಿಂದ ಗಂಡಿನ ಕಡೆಯವರು ಬರುವವರಿದ್ದರು. "ಪುಟ್ಟತಾಯಕ್ಕ, ಒಂದೆರಡು ಸ್ಟೀಲ್ ಲೋಟ ಕೊಡಿ. ಮೇಷ್ಟ್ರೇ, ಮಗಳ ಫೋಟೋ ನೂರಾರು ತೆಗೆದಿದೀನಿ, ನಿಮ್ಮ ಹಗೇವಿಗೆ ಬಂದ್ವಾ?"

"ಬಂದವು, ಬಂದವು. ಇನ್ನೂ ಬರ್ತಾನೇ ಅವೆ!" ಎಂದು ಗೌಡರು ನರಳಿದರು.

"ಇನ್ನು ಜಾಗ ಸ್ವಲ್ಪವೇ ಉಳಿದಿದೆ ಸ್ವಾಮಿ. ಹಳೇದನ್ನು ಹೊರಗೆ ಹಾಕಲೇ?" ಎಂದು ಹಗೇವು ಬಹಳ ಮರ್ಯಾದೆಯಿಂದ ಕೇಳಿತು.

"ಹಾಕಿದ್ರೆ ನಿನ್ನ ತಂತಿ ಕಿತ್ತು ಬಟ್ಟೆ ಒಣಗಿಸ್ತೀನಿ!" ಎಂದರು ಪುಟ್ಟತಾಯಮ್ಮ.

ಗೌಡರಿಗೆ ಬೆವರು ಕಿತ್ತುಕೊಂಡಿತು. "ಒಂದು ಉಪಾಯ ಐತೆ. ಇದಕ್ಕೆ ಕಣ್ಣು ಮಂದ ಆಗೈತೆ ಅಷ್ಟೇ. ಗುರುತು ಹಿಡಿಯೋ ಶಕ್ತೀನ ಹೆಚ್ಚಿಸಿಬಿಡ್ತೀನಿ!" ಎಂದವರೇ ಬೀರುವಿನ ನೆತ್ತಿಗೆ ಹಳೇ ಟೀವಿ ಆಂಟೆನಾ ಸಿಕ್ಕಿಸಿ, ಅದರ ಕೆಳಗಿದ್ದ ಕೆಂಪು ತಿರುಪನ್ನು ಕೊನೆಯವರೆಗೂ ತಿರುಗಿಸಿದರು.

ಟೇಬಲ್ ಫ್ಯಾನು ಒಮ್ಮೆ ಹಿಮ್ಮುಖವಾಗಿ ಸುತ್ತಿತು. ಆಂಟೆನಾ ಗಡಗಡ ನಡುಗಿತು.

"ಹೊಸ ಡಿಸ್ಕ್ ಸಿಕ್ಕಿದೆ ಸ್ವಾಮಿ!"

"ಭೇಷ್! ನೋಡ್ದಾ ಪುಟ್ಟತಾಯಿ? ಎಲ್ಲೈತೆ ಹೇಳು ಹಗೇವೇ, ಮೇಲಿನ ಗೂಡಲ್ಲೋ ಕೆಳಗಿನ ಗೂಡಲ್ಲೋ?"

"ಅಡಿಗೆಮನೆಯಲ್ಲಿ."

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು.

"ಇನ್ನೊಂದು ಸಿಕ್ಕಿದೆ, ಬಚ್ಚಲಲ್ಲಿ. ಇನ್ನೊಂದು ಎದುರು ಮನೆಯ ಜಗುಲಿಯಲ್ಲಿ. ಅಬ್ಬಾ, ಊರೆಲ್ಲ ಡಿಸ್ಕು! ಹಳೇದನ್ನೆಲ್ಲ ಅಲ್ಲಿಗೆ ಸಾಗಿಸಿಬಿಟ್ಟೆ. ಈಗ ಜಾಗ ಬೇಕಾದಷ್ಟಿದೆ ಸ್ವಾಮಿ!"

ಪುಟ್ಟತಾಯಮ್ಮ ಅಡಿಗೆಮನೆಗೆ ಓಡಿ ನೋಡಿದರು. ಎಲ್ಲ ಇದ್ದ ಹಾಗೇ ಇತ್ತು. ಅನುಮಾನದಿಂದ ಮಿಕ್ಸಿ ತಿರುಗಿಸಿದರು. ಮಿಕ್ಸಿಯಿಂದ ಗರ್ ಎಂಬ ಸದ್ದಿನ ಬದಲು ಎಳೆ ಪ್ರಾಯದ, ಬೆಲ್ಲದಂಥ ದನಿ ಹೊರಟಿತು. ಅರಿಸಿನ ಹಚ್ಚುವ ಪದ! ಕೈ ಬಿಟ್ಟರೆ ನಿಂತಿತು, ಒತ್ತಿದರೆ ಬಿಟ್ಟಲ್ಲಿಂದ ಮುಂದುವರಿಯಿತು. ಬಚ್ಚಲಲ್ಲಿ ಬಟ್ಟೆ ಒಗೆಯುವ ಯಂತ್ರ, ಹೆಣ್ಣು ಒಪ್ಪಿಸುವ ಪದ ಹೇಳಿಕೊಂಡು ಬಿಕ್ಕಿ ಬಿಕ್ಕಿ ತಿರುಗುತ್ತಿತ್ತು. ಎದುರು ಮನೆಯ ಸ್ಕೂಟರಿನ ಹಾರ್ನ್ ಹಸೆಗೆ ಕರೆಯುವ ಪದ ಹಾಡತೊಡಗಿತು. ಅದರ ಯಜಮಾನ ಸ್ಕೂಟರನ್ನೇ ಬಿಟ್ಟು ಓಡಿಹೋದ!

ಕೆಂಪಜ್ಜಿ ಕುಟ್ಟಾಣಿ ಕೆಳಗಿಟ್ಟು ಕಿವಿಗೊಟ್ಟಳು. "ಸಿಂಗ್ರಾ, ಅದು ನಾನೇನ್ಲಾ?" ಎಂದು ಪಿಸುಗುಟ್ಟಿದಳು.

"ನೀನೇ ಕಣವ್ವಾ!"

"ಚೆನ್ನಾಗಿ ಹಾಡ್ತಿದ್ದೆ ಅಲ್ವಾ?"

ಗೌಡರು ಹೂಂ ಎಂದು ತಲೆಯಾಡಿಸಿದರು. ಅಷ್ಟರಲ್ಲಿ ಪುಟ್ಟತಾಯಮ್ಮ ಒಳಗಿಂದ ಓಡಿ ಬಂದರು. "ರೀ, ಇವೊತ್ತು ಲೈನ್ ರಿಪೇರಿ ಅಂತ ಮಧ್ಯಾಹ್ನ ಕರೆಂಟ್ ತೆಗೀತಾರೆ. ಕರೆಂಟ್ ಹೋದ್ರೆ ಮಿಕ್ಸಿಗೆ ಪದ ಜ್ಞಾಪಕ ಇರುತ್ತಾ?"

ಗೌಡರ ಮುಖ ಬೂದಿಯಾಯಿತು. "ಇರಲ್ಲ. ಹಗೇವಿಗೆ ಬ್ಯಾಟರಿ ಐತೆ, ಮಿಕ್ಸಿಗೆ ಎಲ್ಲೈತೆ?"

"ಹಂಗಾದ್ರೆ ಕೂತ್ಕೊಂಡು ಆ ಹೊಸ ಡಿಸ್ಕ್‌ಗಳನ್ನ ಕಾಣೋ ಹಂಗೆ ಮಾಡಿ! ಕಣ್ಣು ಹೆಚ್ಚು ಮಾಡೋದು ಬ್ಯಾಡ, ಬುದ್ಧಿ ಹೆಚ್ಚು ಮಾಡ್ಕಳಿ!"

ಆಗಲೇ ದೇವೀರಮ್ಮನ ಮನೆಯಿಂದ ಗಲಾಟೆ ಕೇಳಿಸಿತು. ಪುಟ್ಟತಾಯಮ್ಮ ಸೆರಗು ಸಿಕ್ಕಿಸಿಕೊಂಡು ಓಡಿದರು.

ಅಲ್ಲಿ ಗಂಡಿನ ಕಡೆಯವರು ಸೋಫಾದ ಮೇಲೆ ಕಲ್ಲಾಗಿ ಕೂತಿದ್ದರು. ಭವಾನಿ ಕಾಫಿ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ನಡುವೆ ಗಂಡಿನ ಅಜ್ಜಿ ಮಾದಜ್ಜಿ, ಸೊಂಟಕ್ಕೆ ಕೈಯಿಟ್ಟು ಗೋಡೆಯ ಕಡೆ ತಿರುಗಿ ಜಗಳ ಕಾಯುತ್ತಿದ್ದಳು.

"ಯಾರವ್ವಾ ಅದು, ಎದುರಿಗೆ ಬಾ! 'ಬೀಗರು ಬಂದರು ಬಾಗ್ಲಿಗೆ, ಬೀಗ ಹಾಕವ್ವ ಅಟ್ಟಕೆ' ಅಂತೀಯಾ? ತಗೋ ನನ್ನ ಪದ!" ಎಂದವಳೇ ದನಿಯೆತ್ತಿ ಹಾಡಿದಳು:

"ಬೀಗ ಯಾತಕೆ ಬೀಗಿತಿ, ನಿಮ್ಮ ಅಟ್ಟದಲಿ ಇಲಿಯೂ ಇಲ್ಲ!"

ದೇವೀರಮ್ಮ ಬಿಳಿಚಿಕೊಂಡರು. "ನಾವ್ಯಾರೂ ಬಾಯೇ ಬಿಟ್ಟಿಲ್ಲ ಪುಟ್ಟತಾಯಕ್ಕ! ಅಜ್ಜಿ ಅವರಷ್ಟಕ್ಕೆ ಅವರೇ..."

ಪುಟ್ಟತಾಯಮ್ಮನ ಕಣ್ಣು ಮಾದಜ್ಜಿಯ ಕಿವಿಯ ಮೇಲೆ ಬಿತ್ತು. ಅಲ್ಲೊಂದು ಕಿವಿ ಯಂತ್ರ. ಹಗೇವು ಅದನ್ನೂ ಡಿಸ್ಕೆಂದು ಗುರುತಿಸಿ, ಬೀಗರನ್ನು ಹಂಗಿಸುವ ಪದವನ್ನು ಅಲ್ಲಿಗೇ ತುಂಬಿತ್ತು! ಪುಟ್ಟತಾಯಮ್ಮ ಕೈ ಮುಗಿದು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಸೋಫಾದ ಮೇಲಿದ್ದ ಯಾರಿಗೂ ಒಂದಕ್ಷರ ಅರ್ಥವಾಗಲಿಲ್ಲ. ಮಾದಜ್ಜಿಗೆ ಮಾತ್ರ ಬೇಕಾದಷ್ಟು ಅರ್ಥವಾಯಿತು.

"ಅಂದ್ರೆ ಇದನ್ನ ಹಾಡಿದೋಳು ಪಕ್ಕದ ಮನೇಲೇ ಅವಳೆ ಅನ್ನು! ಕರಕೊಂಡು ಬಾ. ಅವಳನ್ನ ಗೆಲ್ಲದೆ ನಾನು ಕಾಫಿ ಮುಟ್ಟಲ್ಲ!"

ಪುಟ್ಟತಾಯಮ್ಮ ಅತ್ತೆಯ ತೋಳು ಹಿಡಿದು ಕರೆತಂದರು. ಕೆಂಪಜ್ಜಿ ಎದುರಿಗೆ ಕೂತಳು, ಮಾದಜ್ಜಿಯನ್ನು ಮೇಲಿಂದ ಕೆಳಕ್ಕೆ ನೋಡಿದಳು, ಸೊಸೆಯ ಕಿವಿಗೆ ಏನೋ ಪಿಸುಗುಟ್ಟಿದಳು. ಪುಟ್ಟತಾಯಮ್ಮ ಜನ್ಮದಲ್ಲಿ ನಾಲ್ಕು ಜನರ ಮುಂದೆ ಹಾಡಿದವರಲ್ಲ. ಕಣ್ಣು ಮುಚ್ಚಿಕೊಂಡು, ನಡುಗುವ ದನಿಯಲ್ಲಿ, ಅತ್ತೆ ಹೇಳಿಕೊಟ್ಟದ್ದನ್ನು ಹಾಡಿಯೇಬಿಟ್ಟರು:

"ಇಲಿಯ ಯಾಕೆ ಹುಡುಕುತೀರಿ, ಊಟಕ್ಕೆ ಬಂದಿರಾ, ಬೇಟೆಗೆ ಬಂದಿರಾ?"

ಮೊದಲು ನಕ್ಕವನು ಮದುವೆ ಗಂಡು. ಆಮೇಲೆ ಭವಾನಿ, ಕಾಫಿ ತುಳುಕುವಷ್ಟು. ಅಲ್ಲಿಂದ ಮುಂದೆ ಆ ಮನೆಯಲ್ಲಿ ಹೆಣ್ಣು ನೋಡುವ ಶಾಸ್ತ್ರವೊಂದನ್ನು ಬಿಟ್ಟು ಬೇರೆಲ್ಲ ನಡೆಯಿತು!

ಇತ್ತ ಸಿಂಗ್ರೇಗೌಡರು ಬೀರುವಿನೊಳಗೆ ತಲೆ ತೂರಿಸಿ ಕೂತಿದ್ದರು. ಡಬ್ಬಿಯಲ್ಲಿ ಓಡುವ ಡಿಸ್ಕು ಹಗೇವಿನಲ್ಲಿ ಯಾಕೆ ಓಡುತ್ತಿಲ್ಲ? ಎರಡೂ ಕಡೆಯ ಕರೆಂಟಿನ ವೈರನ್ನು ಅಳೆದು ನೋಡಿದಾಗ ಕಳ್ಳ ಸಿಕ್ಕಿಬಿದ್ದ. ಡಿಸ್ಕಿನ ಬಾಯಲ್ಲಿ ಸಾಲಾಗಿದ್ದ ತಗಡಿನ ಹಲ್ಲುಗಳಲ್ಲಿ ಮೂರನೆಯದಕ್ಕೆ ಡಬ್ಬಿ ಕರೆಂಟು ಕೊಡುತ್ತಿರಲಿಲ್ಲ, ಹಗೇವು ಕೊಡುತ್ತಿತ್ತು. ಹೊಸ ಕಾಲದ ಡಿಸ್ಕಿಗೆ ಆ ಮೂರನೇ ಹಲ್ಲಿನಲ್ಲಿ ಕರೆಂಟ್ ಬಂದರೆ ಮಲಗು ಎಂದು ಅರ್ಥ!

"ಪಾಪ, ಅವು ಎದ್ದೇಳಬೇಕು ಅಂದಾಗೆಲ್ಲ ನಾನೇ ಜೋಗುಳ ಹಾಡ್ತಿದ್ದೆ!" ಎಂದು ಗೌಡರು ಹಣೆ ಚಚ್ಚಿಕೊಂಡು, ಕೂದಲೆಳೆಯಷ್ಟು ಸಣ್ಣಗೆ ಟೇಪು ಕತ್ತರಿಸಿ ಆ ಹಲ್ಲುಗಳಿಗೆ ಅಂಟಿಸಿದರು. ಸ್ವಿಚ್ ಒತ್ತಿದರು.

"ಇಬ್ಬರು ಬಂದಿದ್ದಾರೆ ಸ್ವಾಮಿ. ಇಷ್ಟು ಹೊತ್ತು ಎಲ್ಲಿದ್ದರು?"

"ಅದೆಲ್ಲ ಆಮೇಲೆ! ಹೊರಗಿರೋ ಪದಗಳನ್ನೆಲ್ಲ ವಾಪಸ್ ಕರಿ!"

ಪುಟ್ಟತಾಯಮ್ಮ ಏದುಸಿರು ಬಿಡುತ್ತಾ ಮನೆಗೆ ಬರುವ ಹೊತ್ತಿಗೆ ಪದಗಳು ಒಂದೊಂದೇ ಮನೆ ಸೇರುತ್ತಿದ್ದವು. ಸ್ಕೂಟರು ಮೂಕವಾಯಿತು. ಬಟ್ಟೆ ಯಂತ್ರ ಅಳು ನಿಲ್ಲಿಸಿತು. ಕೊನೆಗೆ ಅವರು ಒತ್ತಿ ನೋಡಿದ ಮಿಕ್ಸಿ ಅರಿಸಿನದ ಪದ ಬಿಟ್ಟುಕೊಟ್ಟು ಗರ್ ಎಂದದ್ದೂ ಕರೆಂಟ್ ಹೋದದ್ದೂ ಒಂದೇ ಸಲ. ದೀಪವಾರಿದ ನಡುಮನೆಯಲ್ಲಿ ಪುಟ್ಟತಾಯಮ್ಮ ಗಂಡನ ಬೆವರಿದ ಹಣೆಯನ್ನು ಸೆರಗಿನಿಂದ ಒರೆಸಿದರು. "ಮುಂದಿನ ಸಲ ಹೋಟೆಲೇ ಇಡಿ" ಎಂದರು, ಬಹಳ ಮೆತ್ತಗೆ.

ಬಾರದೆ ಉಳಿದದ್ದು ಒಂದೇ ಪದ. ಮಾದಜ್ಜಿ ತನ್ನ ಕಿವಿ ಯಂತ್ರವನ್ನು ಮುಷ್ಟಿಯಲ್ಲಿ ಹಿಡಿದುಕೊಂಡು, "ಕಿವಿ ನಂದು, ಕಿವಿಗೆ ಬಿದ್ದದ್ದೂ ನಂದೇ. ಹೆಣ್ಣನ್ನ ಕೊಟ್ಟು ಪದ ಈಸ್ಕೊಂಡು ಹೋಗಿ" ಎಂದು ಪಾಂಡವಪುರದ ದಾರಿ ಹಿಡಿದಿದ್ದಳು. ಸಂಬಂಧ ಕೂಡಿತು. ಆದರೆ ಮದುವೆ ಆಗುವತನಕ ಪದ ಅಲ್ಲೇ ಇರಬೇಕಾದ್ದರಿಂದ, ಹಗೇವಿನ ಲೆಕ್ಕದಲ್ಲಿ ಮಾದಜ್ಜಿ ಇವತ್ತಿಗೂ ಒಂದು ಡಿಸ್ಕು! ಬೀದಿಯವರು ಫೋನಿನಲ್ಲಿ ಆಡಿ ಕಳಿಸಿದ ಮಾತೆಲ್ಲ ನೇರ ಅವಳ ಕಿವಿಗೆ ಹೋಗಿ ಬೀಳತೊಡಗಿತು. ದೇವೀರಮ್ಮ ತಂಗಿಗೆ ಮಾತು ಕಳಿಸಿ ಮುಗಿಸುವ ಮೊದಲೇ ಪಾಂಡವಪುರದಿಂದ ಫೋನು: "ಬೀಗಿತಿ, ನಮ್ಮ ಹುಡುಗನ ಮೂಗು ದಪ್ಪ ಅಂದ್ಯಂತೆ?"

ಗೌಡರು ಗಾಬರಿಯಿಂದ ಓಡಿ ಬಂದು ತಾಯಿಗೆ ಈ ಅನಾಹುತವನ್ನೆಲ್ಲ ವಿವರಿಸಿದರು. ಕೆಂಪಜ್ಜಿ ಎಲೆಗೆ ಸುಣ್ಣ ಸವರುತ್ತಾ ಪೂರ್ತಿ ಕೇಳಿಸಿಕೊಂಡಳು.

"ಬೀಗಿತೀರ್ಗೆ ಎಲ್ಲಾ ಗೊತ್ತಾಗೋದು ಮೊದಲಿಂದ್ಲೂ ಐತೆ ಕಣ್ಲಾ" ಎಂದು ಪಿಸುಗುಟ್ಟಿದಳು. "ಅದಕ್ಕೆ ನಿನ್ನ ಬೀರು ಯಾಕೆ ಬೇಕಾಗಿತ್ತು?"