ಕಾಲೆತ್ತದೆ ಹಾಡು ನಿಲ್ಲಲ್ಲ

ಈ ಸಲ ಹೇಳೋದ್ರಲ್ಲಿ ಒಂದಕ್ಷರ ಸುಳ್ಳಿಲ್ಲ. ಹೋದ ಸಲ ಹೇಳಿದ ಕರಡಿ ಕಥೇಲಿ ಕರಡಿ ಇರಲಿಲ್ಲ, ಒಪ್ಕೋತೀನಿ. ಇದು ಹಾಗಲ್ಲ. ಆಪರೇಷನ್ ಮಾಡಿ ಹಾಕಿಸ್ಕೊಂಡ ನನ್ನ ಹೊಸ ಮಂಡಿ ಮೇಲೆ ಆಣೆ.

ಎಪ್ಪತ್ತು ದಾಟಿದೋನು ಮ್ಯಾಂಡೊಲಿನ್ ಹಿಡ್ಕೊಂಡು ಅಮೆರಿಕದ ಮುದುಕರ ಮಧ್ಯೆ ಕೂತ್ರೆ ಇಂಥವು ಆಗ್ತಾನೇ ಇರ್ತವೆ. ಎದುರಿಗೆ ನಮ್ಮನೆಯವಳು ಹುರುಳಿಕಾಯಿ ಮುರೀತಾ ಕೂತಿದಾಳೆ. ನನ್ನ ವಿಚಾರಣೆ ನಡೀತಿದೆ. ಕಾರಣ ಇಷ್ಟೇ. ಬೆಳಗ್ಗೆ ವಾಲ್ನಟ್ ಕ್ರೀಕ್ ಊರಿಗೆ, ಸತ್ತೋರ ನೆನಪಿನ ಸಭೆಗೆ ಅಂತ ಹೋದೋನು, ಸಂಜೆ ಎವರ್‌ಗ್ರೀನಿನ ನಮ್ಮನೆಗೆ ಕುಂಟ್ತಾ ವಾಪಸ್ ಬಂದೆ. ಬಗಲಲ್ಲಿ ನೂರು ಜನಕ್ಕಾಗೋ ಕಾಫಿ ಡ್ರಮ್ಮು. ನಮ್ಮ ಬ್ಲೂಗ್ರಾಸ್ ಸಂಗೀತದ ಸಂಘದಲ್ಲಿ ಆ ಡ್ರಮ್ಮು ಯಾವಾಗ್ಲೂ ಅಧ್ಯಕ್ಷರ ಮನೇಲಿರುತ್ತೆ. ಇದು ಅವಳಿಗೂ ಗೊತ್ತು.

ಕನ್ನಡ ಕೂಟದ ಸೆಕ್ರೆಟರಿ ಆಗಿದ್ದಾಗ ನನಗೆ ಬೈಪಾಸ್ ಆಯ್ತು. ಆಸ್ಪತ್ರೆ ಮಂಚದ ಪಕ್ಕ ನಿಂತು ಅವಳು ಹೇಳಿದ್ದು ಒಂದೇ ಮಾತು. "ಇನ್ನೊಂದು ಪದವಿ ತಲೆ ಮೇಲೆ ಹಾಕ್ಕೊಂಡ್ರೆ ನಾನು ಫಾಸ್ಟರ್ ಸಿಟಿಗೆ, ತಂಗಿ ಮನೆಗೆ ಹೋಗ್ತೀನಿ. ವಾಪಸ್ ಬರಲ್ಲ." ನಾನು ಮೂಗಲ್ಲಿ ನಳಿಕೆ ಇಟ್ಕೊಂಡೇ ಭಾಷೆ ಕೊಟ್ಟಿದ್ದೆ.

"ಡ್ರಮ್ಮು ತೊಳೆಯೋಕೆ ತಂದೆ ಕಣೇ" ಅಂದೆ.

"ಮೊದಲಿಂದ ಹೇಳಿ" ಅಂದ್ಲು.

ಸರಿ, ಮೊದಲಿಂದಾನೇ ಹೇಳ್ತೀನಿ.

ಯೂತ್ ಕೋಟಾ

ನಾನು ಆ ಸಂಘಕ್ಕೆ ಸೇರಿದ್ದೇ ದಾರಿ ತಪ್ಪಿ. ಕೂಟದ ಯುಗಾದಿ ಪಿಕ್ನಿಕ್ಕಿತ್ತು. ಪಾರ್ಕಲ್ಲಿ ಎರಡು ಶೆಡ್ಡು. ಒಂದು ಕೈಲಿ ಬಿಸಿಬೇಳೆ ಬಾತ್ ಪಾತ್ರೆ, ಇನ್ನೊಂದರಲ್ಲಿ ಮ್ಯಾಂಡೊಲಿನ್ನು. ತಪ್ಪು ಶೆಡ್ಡಿಗೆ ನುಗ್ಗಿದೆ. ಅಲ್ಲಿ ಬರೀ ಬಿಳೀ ತಲೆಗಳು. ಬ್ಯಾಂಜೋ, ಪಿಟೀಲು, ಗಿಟಾರು, ಆಳೆತ್ತರದ ಬೇಸು. ಮ್ಯಾಂಡೊಲಿನ್ ನೋಡಿದ್ದೇ ತಡ, ಕುರ್ಚಿ ಎಳೆದು ಕೂರಿಸಿದ್ರು.

ಈ ಬ್ಲೂಗ್ರಾಸ್ ಅಂದ್ರೆ ಇಲ್ಲಿನ ಬೆಟ್ಟದ ಹಳ್ಳಿಗಳ ಸಂಗೀತ. ಅರ್ಧ ಹಾಡಲ್ಲಿ ಯಾರೋ ಸತ್ತಿರ್ತಾರೆ, ಇನ್ನರ್ಧದಲ್ಲಿ ಯಾರೋ ಸಾಯಿಸಿರ್ತಾರೆ. ತಾಳ ಮಾತ್ರ ಮದುವೆ ಮೆರವಣಿಗೇದು. ನುಡಿಸ್ತಾ ನುಡಿಸ್ತಾ ಮೂರು ಜನರ ಕಣ್ಣಲ್ಲಿ ನೀರು. ನನ್ನ ಕೈಚಳಕಕ್ಕೆ ಅಂದ್ಕೊಂಡೆ. ಬಿಸಿಬೇಳೆ ಬಾತ್ ತಿಂದಿದ್ರು.

ಪಿಟೀಲಿನ ಅಜ್ಜಿಗೆ ಎಂಬತ್ತಾರು. "ವಯಸ್ಸೆಷ್ಟಪ್ಪಾ?" ಅಂತ ಕೇಳಿದ್ರು.

"ಅರವತ್ತೊಂಬತ್ತು."

ಅಜ್ಜಿ ಅವರ ಸೆಕ್ರೆಟರಿ ಕಡೆ ತಿರುಗಿ "ಕೊನೆಗೂ ಒಬ್ಬ ಹುಡುಗ ಬಂದ" ಅಂದ್ರು. ಅವತ್ತೇ ನನ್ನನ್ನ ಸಂಘದ ಯುವ ಪ್ರತಿನಿಧಿ ಮಾಡಿದ್ರು.

ಅವರು ನೋಡ್ತಿದ್ದಿದ್ದು ನನ್ನ ಚಪ್ಪಲಿ ಅಲ್ಲ

ಇವರದು ವೃತ್ತದಲ್ಲಿ ಕೂತು ನುಡಿಸೋ ಪದ್ಧತಿ. ಸರದಿ ಬಂದೋರು ಒಂದು ಹಾಡು ಕರೀತಾರೆ, ಅಂದ್ರೆ ಯಾವ ಹಾಡು ಅಂತ ಹೇಳ್ತಾರೆ. ಹಾಡು ಕರೆದೋರದ್ದೇ ಯಜಮಾನಿಕೆ. ಮುಗಿಸೋಣ ಅನ್ನಿಸಿದಾಗ ಅವರು ಒಂದು ಕಾಲು ಮುಂದಕ್ಕೆ ಎತ್ತಬೇಕು. ಅದನ್ನ ನೋಡಿ ಎಲ್ಲರೂ ಆ ಸುತ್ತು ಮುಗಿಸಿ ನಿಲ್ಲಿಸ್ತಾರೆ. ಇದನ್ನ ನನಗ್ಯಾರೂ ಹೇಳಿರಲಿಲ್ಲ.

ಮೊದಲ ಸಲ ನನ್ನ ಸರದಿ ಬಂತು. ಹಾಡು ಕರೆದೆ, ಶುರುವಾಯ್ತು, ನಿಲ್ಲಲೇ ಇಲ್ಲ. ಎಂಥಾ ಉತ್ಸಾಹದ ಜನ ಅಂದ್ಕೊಂಡು ನಾನೂ ಬಾರಿಸ್ತಾನೇ ಇದ್ದೆ. ಎಲ್ಲರೂ ನನ್ನ ಕಾಲನ್ನೇ ನೋಡ್ತಿದ್ರು. ಚಪ್ಪಲಿ ಹಾಕ್ಕೊಂಡು ಬಂದಿದ್ದು ತಪ್ಪಾಯ್ತೇನೋ ಅಂತ ಕಾಲನ್ನ ಇನ್ನೂ ಕುರ್ಚಿ ಕೆಳಗೆ ಎಳ್ಕೊಂಡೆ. ಹೀಗೆ ನಾಲ್ಕು ಗಂಟೆ ಹೊತ್ತು—

"ರೀ."

ಸರಿ, ಅರ್ಧ ಗಂಟೆ. ಬೇಸು ನುಡಿಸೋನಿಗೆ ಶುಗರ್ ಇಳಿದು ಗೋಡೆಗೆ ಒರಗಿದ. ಆಗ ಅಧ್ಯಕ್ಷರು ಎದ್ರು. ಆರಡಿ ಎತ್ತರದ ರಿಟೈರ್ಡ್ ಪ್ಲಂಬರ್ರು, ಹತ್ತೊಂಬತ್ತು ವರ್ಷದಿಂದ ಅವರೇ ಅಧ್ಯಕ್ಷರು. ಬ್ಯಾಂಜೋ ನುಡಿಸ್ತಾನೇ ನನ್ನ ಕಿವಿ ಹತ್ರ ಬಗ್ಗಿ "ಕಾಲೆತ್ತಪ್ಪಾ, ಪುಣ್ಯ ಬರುತ್ತೆ" ಅಂದ್ರು. ಎತ್ತಿದೆ. ನಿಂತಿತು.

"ನೀವೇ ಎತ್ತಬಹುದಿತ್ತಲ್ಲ?" ಅಂತ ಆಮೇಲೆ ಕೇಳಿದೆ.

"ಬೇರೆಯವರ ಹಾಡಿಗೆ ಕಾಲೆತ್ತೋದು ನಾಯಿ ಮಾಡೋ ಕೆಲಸ" ಅಂದ್ರು.

ಎದ್ದವನೇ ಅಧ್ಯಕ್ಷ

ಸ್ವಯಂಸೇವೆ ಅಂದ್ರೆ ತಾನಾಗೇ ಇಷ್ಟಪಟ್ಟು ಮಾಡೋದು ಅಂತ ಎಲ್ಲರೂ ತಿಳ್ಕೊಂಡಿದಾರೆ. ನಮ್ಮಲ್ಲಿ ಹಾಗಲ್ಲ. ಆಯ್ಕೆ ನಡೆಯೋವಾಗ ಯಾರು ಬಾತ್‌ರೂಮಿಗೆ ಎದ್ದು ಹೋಗ್ತಾರೋ ಅವರನ್ನ ಆರಿಸೋದು. ನಮ್ಮ ಪ್ಲಂಬರ್ರೂ ಹತ್ತೊಂಬತ್ತು ವರ್ಷದ ಹಿಂದೆ ಹಾಗೇ ಒಂದ್ಸಲ ಎದ್ದು ಹೋಗಿದ್ದೋರು. ಪ್ರಾಸ್ಟೇಟ್ ಆಪರೇಷನ್ ಆದೋರೂ ಆಯ್ಕೆ ದಿನ ಎರಡು ಗಂಟೆ ಹಲ್ಲು ಕಚ್ಕೊಂಡು ಕೂತಿರ್ತಿದ್ರು. ಕಾಫಿ ಡ್ರಮ್ಮಿನ ಹತ್ರ ಯಾರೂ ಸುಳೀತಿರಲಿಲ್ಲ.

ಹೋದ ಬೇಸಿಗೆ ಮೀಟಿಂಗಲ್ಲಿ ಅಧ್ಯಕ್ಷರು ಎದ್ದು ನಿಂತ್ರು. "ಡಾಕ್ಟ್ರು ಕ್ಯಾನ್ಸರ್ ಅಂದಿದಾರೆ. ಜಾಸ್ತಿ ದಿನ ಇಲ್ಲ. ಯಾರಾದ್ರೂ ಈ ಕೆಲಸ ತಗೊಳ್ಳಿ" ಅಂದ್ರು.

ಎಲ್ಲರೂ ಸೀಲಿಂಗ್ ನೋಡಿದ್ರು. ನಾನೂ ನೋಡಿದೆ. ಅಲ್ಲೇನೂ ಇರಲಿಲ್ಲ.

"ಹಾಗಾದ್ರೆ ಸಾಯೋವರೆಗೂ ನಾನೇ ಇರ್ತೀನಿ ಬಿಡಿ."

ಸೆಕ್ರೆಟರಿ ಪೆನ್ ತೆಗೆದು "ಇದನ್ನ ಠರಾವು ಅಂತ ಬರ್ಕೊಳ್ಳಲಾ?" ಅಂದ್ಲು. ಪಿಟೀಲಿನ ಅಜ್ಜಿ ಅನುಮೋದಿಸಿದ್ರು. ಎಲ್ಲರೂ ಕೈ ಎತ್ತಿದ್ವಿ.

"ನೀವೂ ಎತ್ತಿದ್ರಾ?" ಅಂತ ನಮ್ಮನೆಯವಳು ಕೇಳಿದ್ಲು.

"ಎಲ್ಲರಿಗಿಂತ ಮೊದಲು. ನಿನಗೆ ಭಾಷೆ ಕೊಟ್ಟಿದ್ದೆನಲ್ಲ."

ವಿರೋಧ ಬಂದಿದ್ದು ಒಂದೇ ಒಂದು, ಅಧ್ಯಕ್ಷರ ಹೆಂಡ್ತೀದು. ಆಕೆ ಸದಸ್ಯೆ ಅಲ್ಲ ಅಂತ ಅದನ್ನ ಲೆಕ್ಕಕ್ಕೆ ತಗೊಳ್ಳಲಿಲ್ಲ.

ಕೊನೇ ಕ್ಯಾಂಪು

ಪ್ರತಿ ವರ್ಷ ಎಲೆ ಉದುರೋ ಹೊತ್ತಿಗೆ ಟೆಂಟ್ ಹಾಕಿ ಮೂರು ದಿನ ನುಡಿಸೋ ಕ್ಯಾಂಪು. ಈ ಸಲ ಬೆಟ್ಟದಾಚೆ ಕಾಡು ಹತ್ಕೊಂಡು ಉರೀತಿತ್ತು. ಆಕಾಶ ಟ್ಯಾಂಗ್ ಪುಡಿ ಕಲಸಿದ ಕಿತ್ತಳೆ ಬಣ್ಣ. ಬೇಡ ಅಂದ್ರೂ ಅಧ್ಯಕ್ಷರು ಕೇಳಲಿಲ್ಲ. "ನನಗೆ ಮುಂದಿನ ವರ್ಷ ಅನ್ನೋದಿಲ್ಲ" ಅಂದ್ರು. ಅಂಗಿ ಒಳಗೆ ಮನುಷ್ಯನೇ ಇಲ್ಲದಷ್ಟು ಇಳಿದುಹೋಗಿದ್ರು. ಮಾಸ್ಕ್ ಹಾಕ್ಕೊಂಡ್ರೆ ಹಾಡಕ್ಕಾಗಲ್ಲ, ತೆಗೆದ್ರೆ ಕೆಮ್ಮು. ಸಾವಿನ ಹಾಡಿಗೆ ಕೆಮ್ಮು ಚೆನ್ನಾಗೇ ಹೊಂದ್ಕೊಂಡಿತು. ಬಂದೋರು ಒಂಬತ್ತು ಜನ.

ಯಾಕೆ ಒಂಬತ್ತೇ ಅಂದ್ರೆ, ಯಾರ್ಯಾರು ಬರ್ತಾರೆ ಅಂತ ಫೋನ್ ಮಾಡೋ ಕೆಲಸ ಯುವ ಪ್ರತಿನಿಧೀದು. ಪಟ್ಟಿ ಹಳೇದು. ಮೊದಲನೇ ಫೋನಿಗೆ "ಅವರು ಹೋಗ್ಬಿಟ್ರು" ಅಂತ ಉತ್ತರ. "ಎಲ್ಲಿಗೆ?" ಅಂತ ಕೇಳ್ಬಿಟ್ಟೆ. ಆಮೇಲೆ ಕೇಳೋದು ಬಿಟ್ಟೆ. ಹನ್ನೊಂದು ಜನ ಹಾಗೆ ಹೋಗಿದ್ರು.

ಹನ್ನೊಂದನೇ ಮನೆಯಾಕೆ ನನ್ನ ಹೆಸರು ಕೇಳಿ ತಿಳ್ಕೊಂಡ್ರು. ಆಮೇಲೆ "ಅವರು ತೀರ್ಕೊಂಡು ಎರಡು ವರ್ಷ ಆಯ್ತು. ಆದ್ರೆ ಒಂದು ಕ್ಯಾಂಪೂ ತಪ್ಪಿಸ್ಕೊಂಡೋರಲ್ಲ. 'ಬರಬಹುದು' ಅಂತ ಬರ್ಕೊಳ್ಳಿ" ಅಂದ್ರು.

ಬರ್ಕೊಂಡೆ.

ಇವತ್ತಿನದು

ಚಳಿ ಶುರುವಾಗೋ ಹೊತ್ತಿಗೆ ಅಧ್ಯಕ್ಷರು ಹೋದ್ರು. ಇವತ್ತು ಅವರ ನೆನಪಿನ ಸಭೆ. ಮೊದಲೇ ಸುಟ್ಟು, ಬೂದೀನ ನಮ್ಮ ಕಾಫಿಪುಡಿ ಡಬ್ಬಿಯಷ್ಟು ತಗಡಿನ ಡಬ್ಬೀಲಿ ಹಾಕಿದ್ರು. ಅವರ ಹೆಂಡ್ತಿ ಅದನ್ನ ತಂದು ವೃತ್ತದಲ್ಲಿ ಅವರ ಕುರ್ಚಿ ಮೇಲಿಟ್ರು. ಪಕ್ಕದಲ್ಲಿ ಬ್ಯಾಂಜೋ ಒರಗಿಸಿದ್ರು. ಡಬ್ಬಿ ಕೆಳಗೊಂದು ಚೀಟಿ. ಯಾವ ಹಾಡು ನುಡಿಸ್ಬೇಕು ಅಂತ ಅವರೇ ಬರೆದಿಟ್ಟಿದ್ರು.

ಹಾಡು ಮುಗಿದ ಮೇಲೆ ಸೆಕ್ರೆಟರಿ ಎದ್ದು, ಅಧ್ಯಕ್ಷರಾಗೋಕೆ ಯಾರೂ ಇಲ್ಲ, ಸಂಘ ಮುಚ್ಚಿದ್ದೀವಿ ಅಂತ ಓದೋದು ಅಂತ ತೀರ್ಮಾನ ಆಗಿತ್ತು.

ಶುರು ಮಾಡಿದ್ವಿ. ನಾಲ್ಕನೇ ಸುತ್ತಿಗೆ ಎಲ್ಲರಿಗೂ ಹೊಳೀತು. ಹಾಡು ಕರೆದೋರು ಡಬ್ಬೀಲಿದಾರೆ. ಕಾಲೆತ್ತೋರ್ಯಾರು?

ಯಾರೂ ನಿಲ್ಲಿಸಲಿಲ್ಲ. ನಿಲ್ಲಿಸಿದ್ರೆ ಸಂಘಾನೇ ಹೋಯ್ತಲ್ಲ. ಪಿಟೀಲಿನ ಅಜ್ಜಿ ಆಕ್ಸಿಜನ್ ನಳಿಕೆ ಹಾಕ್ಕೊಂಡೇ ಉಜ್ಜಿದ್ರು. ಬೇಸಿನೋನು ಒಂದು ಕೈಲಿ ಚಾಕೊಲೇಟ್ ತಿಂದ. ಅಧ್ಯಕ್ಷರ ಹೆಂಡ್ತಿ ಅರ್ಧ ಗಂಟೆ ಅತ್ತು, ಆಮೇಲೆ ಗಡಿಯಾರ ನೋಡೋಕೆ ಶುರು ಮಾಡಿದ್ರು. ಆ ಸಭಾಂಗಣದಲ್ಲಿ ಮುಂದಿನ ಬುಕಿಂಗು ಒಂದು ಮಗುವಿನ ಬರ್ತ್‌ಡೇ. ಬಲೂನ್ ಹಿಡ್ಕೊಂಡು ಇಪ್ಪತ್ತು ಜನ ಬಾಗಿಲಲ್ಲಿ ನಿಂತಿದ್ರು.

ಆಗ ಅಜ್ಜಿ ಕಮಾನು ಬಿಡದೆ ಕೂಗಿದ್ರು. "ಅವನ ಕುರ್ಚಿ ಯಾರು ತಗೋತಾರೋ ಅವರು ಕಾಲೆತ್ತಬಹುದು."

ಎಂಟು ಜನ ಹದಿನಾರು ಕಾಲನ್ನ ಕುರ್ಚಿ ಕೆಳಗೆ ಎಳ್ಕೊಂಡ್ರು.

"ನೀವು?" ಅಂದ್ಲು ಇವಳು.

ಕೇಳು ಕಣೇ. ಅಷ್ಟರಲ್ಲಿ ಅಧ್ಯಕ್ಷರೇ ಬಲಗಾಲನ್ನ ಮೆಲ್ಲಗೆ ಮುಂದಕ್ಕೆ ಎತ್ತಿದ್ರು. ಆರಡಿ ಮನುಷ್ಯನ ಉದ್ದ ಕಾಲು, ಬೂಟ್ ಸಮೇತ. ನಾನು ಕಣ್ಣಾರೆ ನೋಡಿದೆ. ಹಾಡು ನಿಂತಿತು. ಸೆಕ್ರೆಟರಿ ಓದಬೇಕಿದ್ದ ಕಾಗದ ಮಡಚಿ ಬ್ಯಾಗಿಗೆ ಹಾಕ್ಕೊಂಡ್ಲು.

ಹುರುಳಿಕಾಯಿ ಮುರಿಯೋ ಸದ್ದೂ ನಿಂತಿತು.

"ಡಬ್ಬೀಲಿದ್ರು ಅಂದ್ರಿ."

"ಹೂಂ."

"ಬೂದಿ."

"ಬೂದೀನೇ."

"ಬೂದಿಗೆ ಬೂಟ್ ಹಾಕಿದೋರು ಯಾರು?"

ನಾನು ಡ್ರಮ್ಮಿನ ಕಡೆ ನೋಡಿದೆ. ಅವಳು ಫೋನ್ ಕೈಗೆತ್ಕೊಂಡ್ಲು.

"ಫಾಸ್ಟರ್ ಸಿಟಿಗಾ?" ಅಂದೆ.

"ಮಂಡಿ ಡಾಕ್ಟ್ರಿಗೆ." ಬಗ್ಗಿ ನನ್ನ ಹೊಸ ಮಂಡಿ ಮುಟ್ಟಿ ನೋಡಿದ್ಲು. ಕುಂಬಳಕಾಯಿ ಥರ ಊದಿತ್ತು. "ಎತ್ತೋದೇ ಎತ್ತಿದ್ರಿ, ಚೆನ್ನಾಗಿರೋ ಕಾಲನ್ನಾದ್ರೂ ಎತ್ತಬಾರದಿತ್ತಾ?"